7,200 ಡಾಲರ್, ಎರಡು ರಾತ್ರಿ: ಕೀತ್ ಓಲ್ಬರ್‌ಮನ್ ಅಮಾನತು ಪ್ರಕರಣ

ನಡೆದದ್ದು

2010ರ ನವೆಂಬರ್ 5, ಶುಕ್ರವಾರ. ಅಮೆರಿಕದ ಮಧ್ಯಾವಧಿ ಚುನಾವಣೆ ಮುಗಿದು ಮೂರು ದಿನಗಳಾಗಿದ್ದವು. ಪ್ರತಿನಿಧಿ ಸಭೆಯಲ್ಲಿ 63 ಸ್ಥಾನಗಳನ್ನು ಹೆಚ್ಚಿಸಿಕೊಂಡು ರಿಪಬ್ಲಿಕನ್ ಪಕ್ಷ ಬಹುಮತ ಪಡೆದಿತ್ತು. ಅದರ ವಿಶ್ಲೇಷಣೆಯಲ್ಲಿ ಮುಳುಗಿರಬೇಕಿದ್ದ ಎಂಎಸ್‌ಎನ್‌ಬಿಸಿ ವಾಹಿನಿ ಅಂದು ತಾನೇ ಸುದ್ದಿಯಾಯಿತು. ಪೊಲಿಟಿಕೊ ಎಂಬ ಸುದ್ದಿಸಂಸ್ಥೆ ಬೆಳಿಗ್ಗೆ ಪ್ರಕಟಿಸಿದ ವರದಿಯಲ್ಲಿ ಇದ್ದದ್ದು ಇಷ್ಟು: ವಾಹಿನಿಯ ಪ್ರಮುಖ ನಿರೂಪಕ ಕೀತ್ ಓಲ್ಬರ್‌ಮನ್ ಅವರು ಅಕ್ಟೋಬರ್ 28ರಂದು ಮೂವರು ಡೆಮಾಕ್ರಟಿಕ್ ಅಭ್ಯರ್ಥಿಗಳಿಗೆ ತಲಾ 2,400 ಡಾಲರ್ ದೇಣಿಗೆ ಕೊಟ್ಟಿದ್ದಾರೆ. ಒಬ್ಬರು ಕೆಂಟಕಿಯಿಂದ ಸೆನೆಟ್‌ಗೆ ಸ್ಪರ್ಧಿಸಿದ್ದ ಜ್ಯಾಕ್ ಕಾನ್ವೇ. ಉಳಿದ ಇಬ್ಬರು ಅರಿಜೋನಾದ ಹಾಲಿ ಸಂಸದರು, ರೌಲ್ ಗ್ರಿಹಾಲ್ವಾ ಮತ್ತು ಗ್ಯಾಬ್ರಿಯೆಲ್ ಗಿಫರ್ಡ್ಸ್. ಒಂದು ಚುನಾವಣೆಯಲ್ಲಿ ಒಬ್ಬ ಅಭ್ಯರ್ಥಿಗೆ ಒಬ್ಬ ವ್ಯಕ್ತಿ ಕೊಡಬಹುದಾದ ಗರಿಷ್ಠ ಮೊತ್ತ ಆಗ 2,400 ಡಾಲರ್ ಆಗಿತ್ತು. ಅಂದರೆ ಕಾನೂನು ಒಪ್ಪುವಷ್ಟನ್ನೂ ಅವರು ಕೊಟ್ಟಿದ್ದರು, ಅದಕ್ಕಿಂತ ಒಂದು ಡಾಲರ್ ಹೆಚ್ಚಿಲ್ಲ.

ವರದಿಗೆ ಚುರುಕು ತಂದದ್ದು ಇನ್ನೊಂದು ವಿವರ. ಗ್ರಿಹಾಲ್ವಾ ಅವರಿಗೆ ಹಣ ಸಂದಾಯವಾದ ದಿನವೇ ಅವರು ಓಲ್ಬರ್‌ಮನ್ ನಡೆಸುತ್ತಿದ್ದ 'ಕೌಂಟ್‌ಡೌನ್' ಕಾರ್ಯಕ್ರಮಕ್ಕೆ ಅತಿಥಿಯಾಗಿ ಬಂದಿದ್ದರು.

ಓಲ್ಬರ್‌ಮನ್ ಏನನ್ನೂ ಅಲ್ಲಗಳೆಯಲಿಲ್ಲ. ಅಕ್ಟೋಬರ್ 28ರ ಗುರುವಾರ ರಾತ್ರಿ ಅರಿಜೋನಾ ರಾಜಕೀಯದ ಬಗ್ಗೆ ಸ್ನೇಹಿತರೊಬ್ಬರ ಜೊತೆ ಮಾತನಾಡಿದ ಮೇಲೆ ಹಣ ಕೊಟ್ಟಿದ್ದಾಗಿಯೂ, ಹಿಂದೆಂದೂ ಯಾವ ಹಂತದ ಯಾವ ಅಭ್ಯರ್ಥಿಗೂ ಕೊಟ್ಟಿಲ್ಲವೆಂದೂ, ಕೊಡಿರೆಂದು ಖಾಸಗಿಯಾಗಿಯಾಗಲಿ ಬಹಿರಂಗವಾಗಿಯಾಗಲಿ ಯಾರನ್ನೂ ಒತ್ತಾಯಿಸಿಲ್ಲವೆಂದೂ ಹೇಳಿಕೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ವಾಹಿನಿಯ ಅಧ್ಯಕ್ಷ ಫಿಲ್ ಗ್ರಿಫಿನ್ ಅವರ ಪ್ರಕಟಣೆ ಹೊರಬಿತ್ತು. ದೇಣಿಗೆಯ ವಿಷಯ ತಮಗೆ ಹಿಂದಿನ ರಾತ್ರಿಯಷ್ಟೇ ತಿಳಿಯಿತು, ಅದೇ ಬಳಗದ ಎನ್‌ಬಿಸಿ ನ್ಯೂಸ್‌ನ ನೀತಿಯನ್ನು ಗಮನದಲ್ಲಿಟ್ಟು ಅವರನ್ನು ಅನಿರ್ದಿಷ್ಟ ಅವಧಿಗೆ ವೇತನರಹಿತವಾಗಿ ಅಮಾನತು ಮಾಡಿದ್ದೇನೆ ಎಂಬ ಎರಡು ವಾಕ್ಯಗಳು ಅದರಲ್ಲಿದ್ದವು.

ಅನಿರ್ದಿಷ್ಟ ಎಂದದ್ದು ಎರಡು ಕಾರ್ಯಕ್ರಮಗಳಿಗೆ ಮುಗಿಯಿತು. ಶುಕ್ರವಾರ ಮತ್ತು ಸೋಮವಾರ ಅವರು ಪರದೆಯ ಮೇಲಿರಲಿಲ್ಲ. ನವೆಂಬರ್ 9ರ ಮಂಗಳವಾರ ಮರಳಿ ಬಂದರು.

ಪಕ್ಷ ಯಾವುದೆಂದು ಯಾರಿಗೆ ಗೊತ್ತಿರಲಿಲ್ಲ?

ಓಲ್ಬರ್‌ಮನ್ ಹೆಸರು ಮಾಡಿದ್ದು ಇಎಸ್‌ಪಿಎನ್‌ನ ಕ್ರೀಡಾ ನಿರೂಪಕರಾಗಿ. 2003ರಲ್ಲಿ ಕೌಂಟ್‌ಡೌನ್ ಆರಂಭಿಸಿದರು. ಇರಾಕ್ ಯುದ್ಧ ಉದ್ದವಾದಂತೆ ಅವರ ಮಾತಿನ ಮೊನೆಯೂ ಹರಿತವಾಯಿತು. 'ಸ್ಪೆಷಲ್ ಕಾಮೆಂಟ್' ಎಂಬ ಭಾಗದಲ್ಲಿ ಕ್ಯಾಮೆರಾವನ್ನೇ ದಿಟ್ಟಿಸಿ ನಿಮಿಷಗಟ್ಟಲೆ ಮಾತನಾಡುತ್ತಿದ್ದರು. 2007ರ ಜುಲೈನಲ್ಲಿ ಅಧ್ಯಕ್ಷ ಬುಷ್ ಮತ್ತು ಉಪಾಧ್ಯಕ್ಷ ಚೇನಿ ಇಬ್ಬರೂ ರಾಜೀನಾಮೆ ಕೊಡಬೇಕೆಂದು ಅಲ್ಲಿಯೇ ಆಗ್ರಹಿಸಿದ್ದರು. ಇಂಥವರು ಡೆಮಾಕ್ರಟಿಕ್ ಅಭ್ಯರ್ಥಿಗೆ ಹಣ ಕೊಟ್ಟರು ಎಂಬುದನ್ನು ಕೇಳಿ ಬೆರಗಾಗಲು ವಿಶೇಷ ಪ್ರತಿಭೆ ಬೇಕು.

ವಾಹಿನಿಗೂ ಇದು ಹೊಸ ತಲೆನೋವಲ್ಲ. 2008ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿಗೆ ಓಲ್ಬರ್‌ಮನ್ ಮತ್ತು ಕ್ರಿಸ್ ಮ್ಯಾಥ್ಯೂಸ್ ಅವರೇ ಪಕ್ಷಗಳ ಮಹಾಧಿವೇಶನದ ನೇರಪ್ರಸಾರ ನಡೆಸಿದ್ದರು. ಎನ್‌ಬಿಸಿ ನ್ಯೂಸ್‌ನ ಒಳಗಿನಿಂದಲೂ ರಿಪಬ್ಲಿಕನ್ ಪ್ರಚಾರ ತಂಡದಿಂದಲೂ ಆಕ್ಷೇಪ ಬಂದಾಗ, ಆ ಸೆಪ್ಟೆಂಬರ್‌ನಲ್ಲಿ ಇಬ್ಬರನ್ನೂ ಆ ಕುರ್ಚಿಯಿಂದ ಎಬ್ಬಿಸಿ ಡೇವಿಡ್ ಗ್ರೆಗರಿ ಅವರನ್ನು ಕೂರಿಸಲಾಯಿತು. ಅಭಿಪ್ರಾಯ ಹೇಳುವವರು ಬೇರೆ, ಫಲಿತಾಂಶ ಓದುವವರು ಬೇರೆ ಎಂದು ವಾಹಿನಿ ಅಂದು ಒಪ್ಪಿಕೊಂಡಂತಾಗಿತ್ತು.

ಎರಡು ವರ್ಷ ಕಳೆಯುವಷ್ಟರಲ್ಲಿ ಆ ಒಪ್ಪಿಗೆ ಮರೆತುಹೋಯಿತು. ಪ್ರಗತಿಪರ ವೀಕ್ಷಕರೇ ತನ್ನ ಮಾರುಕಟ್ಟೆ ಎಂಬುದು ವಾಹಿನಿಗೆ ಖಚಿತವಾಗಿತ್ತು. 2010ರ ಅಕ್ಟೋಬರ್‌ನಲ್ಲಿ 'ಲೀನ್ ಫಾರ್ವರ್ಡ್' ಎಂಬ ಹೊಸ ಘೋಷವಾಕ್ಯವನ್ನು ಅದು ಜಾಹೀರಾತು ಮಾಡಿತು. ನವೆಂಬರ್ 2ರ ಫಲಿತಾಂಶದ ರಾತ್ರಿ ನಿರೂಪಕರ ಮೇಜಿನ ನಡುವೆ ಮತ್ತೆ ಓಲ್ಬರ್‌ಮನ್ ಕುಳಿತಿದ್ದರು. ಜೊತೆಗೆ ರೇಚಲ್ ಮ್ಯಾಡೊ, ಮ್ಯಾಥ್ಯೂಸ್, ಲಾರೆನ್ಸ್ ಒ'ಡಾನೆಲ್, ಯೂಜೀನ್ ರಾಬಿನ್‌ಸನ್. ಆ ರಾತ್ರಿ ಪರದೆಯ ಮೇಲೆ ಹಾದುಹೋದ ನೂರಾರು ಸ್ಪರ್ಧೆಗಳಲ್ಲಿ ಮೂರಕ್ಕೆ ಅವರ ಹಣ ಹೋಗಿತ್ತು. ಕಾನ್ವೇ ಅವರು ರ‍್ಯಾಂಡ್ ಪಾಲ್ ಎದುರು ಸೋತರು. ಅರಿಜೋನಾದ ಇಬ್ಬರೂ ಕಷ್ಟಪಟ್ಟು ಗೆದ್ದರು, ಗಿಫರ್ಡ್ಸ್ ಅಂತೂ ಸುಮಾರು ನಾಲ್ಕು ಸಾವಿರ ಮತಗಳ ಅಂತರದಲ್ಲಿ.

ಈ ಪ್ರಕರಣವನ್ನು ಓದುವಾಗ ನನ್ನ ಗಮನ ಮತ್ತೆ ಮತ್ತೆ ಈ ಐದು ದಿನಗಳ ಮೇಲೆ ನಿಲ್ಲುತ್ತದೆ. ಅಕ್ಟೋಬರ್ 28ರ ರಾತ್ರಿಯಿಂದ ನವೆಂಬರ್ 2ರ ರಾತ್ರಿಯವರೆಗೆ, ನಿರೂಪಕನಿಗೆ ಗೊತ್ತಿದ್ದ ಒಂದು ಸಂಗತಿ ವೀಕ್ಷಕನಿಗೆ ಗೊತ್ತಿರಲಿಲ್ಲ. ಆದರೆ ಅಮಾನತಿಗೆ ಕಾರಣವಾದದ್ದು ಈ ಐದು ದಿನಗಳಲ್ಲ.

ನಿಯಮ ಏನು ಹೇಳುತ್ತಿತ್ತು

ಎನ್‌ಬಿಸಿ ನ್ಯೂಸ್‌ನ ಆಗಿನ ನೀತಿಯನ್ನು ನಿಧಾನವಾಗಿ ಓದಬೇಕು. ಸಿಬ್ಬಂದಿ ಹೊರಗಿನ ಚಟುವಟಿಕೆಗಳಲ್ಲಿ ತೊಡಗಿದರೆ ನಿಷ್ಪಕ್ಷಪಾತಿ ಪತ್ರಕರ್ತರೆಂಬ ಅವರ ಸ್ಥಾನಕ್ಕೆ ಧಕ್ಕೆ ಬರಬಹುದು, ಏಕೆಂದರೆ ಅವು ಹಿತಾಸಕ್ತಿ ಸಂಘರ್ಷ ಇರುವಂತೆ ತೋರಿಸಬಹುದು ಎಂದು ಅದು ಆರಂಭವಾಗುತ್ತದೆ. ಅಂಥ ಚಟುವಟಿಕೆಗಳಲ್ಲಿ ಚುನಾವಣಾ ಪ್ರಚಾರಕ್ಕೆ ಕೊಡುವ ದೇಣಿಗೆಯೂ ಸೇರಬಹುದು ಎನ್ನುತ್ತದೆ. ಹಾಗಾದರೆ ಕೊಡಬಾರದು ಎನ್ನುತ್ತದೆಯೇ? ಇಲ್ಲ. ಇಂಥ ಸಂಘರ್ಷದ ಸಾಧ್ಯತೆಯಿದ್ದರೆ ಎನ್‌ಬಿಸಿ ನ್ಯೂಸ್‌ನ ಅಧ್ಯಕ್ಷರಿಗೋ ಅವರು ಸೂಚಿಸಿದವರಿಗೋ ಮೊದಲೇ ತಿಳಿಸಿ ಅನುಮತಿ ಪಡೆಯಿರಿ ಎಂದು ಮುಗಿಯುತ್ತದೆ.

ಬೇರೆ ಸುದ್ದಿಮನೆಗಳ ನಿಯಮದ ಪಕ್ಕದಲ್ಲಿಟ್ಟರೆ ಇದರ ಸ್ವಭಾವ ತಿಳಿಯುತ್ತದೆ. ನ್ಯೂಯಾರ್ಕ್ ಟೈಮ್ಸ್ ತನ್ನ ಪತ್ರಕರ್ತರಿಗೆ ಯಾವ ಅಭ್ಯರ್ಥಿಗೂ ಹಣ ಕೊಡುವಂತಿಲ್ಲ ಎಂದು ನೇರವಾಗಿ ನಿಷೇಧಿಸಿದೆ; ದೇಣಿಗೆಯ ದಾಖಲೆಗಳು ಅಂತರ್ಜಾಲದಲ್ಲಿ ಸುಲಭವಾಗಿ ಸಿಗುವುದರಿಂದ ಪತ್ರಿಕೆ ಒಂದು ಪಕ್ಷದ ಕಡೆಗಿದೆಯೆಂಬ ತಪ್ಪು ಭಾವನೆ ಹುಟ್ಟಬಹುದೆಂದು ಕಾರಣವನ್ನೂ ಕೊಡುತ್ತದೆ. ವಾಷಿಂಗ್ಟನ್ ಪೋಸ್ಟ್‌ನ ಸಂಪಾದಕರಾಗಿದ್ದ ಲೆನರ್ಡ್ ಡೌನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಸಂಪಾದಕನಾಗಿರುವಷ್ಟು ಕಾಲ ಮತವನ್ನೇ ಹಾಕುವುದಿಲ್ಲವೆಂದು ನಿಶ್ಚಯಿಸಿದ್ದರು. ನನಗಿದು ಮಡಿ ಅತಿಯಾದಂತೆ ಕಾಣುತ್ತದೆ, ಆದರೂ ಒಳಹೊರಗು ಒಂದೇ ಇದೆ. ಇನ್ನೊಂದು ತುದಿಯಲ್ಲಿ ಬಲಪಂಥದ ವಾಹಿನಿ ಫಾಕ್ಸ್ ನ್ಯೂಸ್: ಅಲ್ಲಿ ಅಭಿಪ್ರಾಯ ನಿರೂಪಕರಿಗೆ ಇಂಥ ತಡೆಯೇ ಇರಲಿಲ್ಲ. ಅಲ್ಲಿನ ನಿರೂಪಕ ಸೀನ್ ಹ್ಯಾನಿಟಿ ಅದೇ ವರ್ಷ ರಿಪಬ್ಲಿಕನ್ ಸಂಸದೆ ಮಿಷೆಲ್ ಬ್ಯಾಕ್‌ಮನ್ ಅವರ ರಾಜಕೀಯ ನಿಧಿಗೆ 5,000 ಡಾಲರ್ ಕೊಟ್ಟಿದ್ದರು, ಯಾರೂ ಅವರನ್ನು ಮನೆಗೆ ಕಳಿಸಲಿಲ್ಲ.

ಎನ್‌ಬಿಸಿಯದು ಈ ಎರಡರ ನಡುವಿನ ದಾರಿ. ಕೊಡಬಹುದು, ಕೇಳಿ ಕೊಡಬೇಕು. ಆದ್ದರಿಂದ ಓಲ್ಬರ್‌ಮನ್ ಅವರ ತಪ್ಪು ಪಕ್ಷ ವಹಿಸಿದ್ದಲ್ಲ. ಪಕ್ಷ ವಹಿಸುವುದಕ್ಕೇ ಅವರಿಗೆ ಸಂಬಳ ಬರುತ್ತಿತ್ತು. ಮೇಲಿನವರನ್ನು ಕೇಳದೆ ಕೊಟ್ಟದ್ದು ತಪ್ಪು. ಈ ನಿಯಮದ ಯಾವ ಮೂಲೆಯಲ್ಲೂ ವೀಕ್ಷಕ ಎಂಬ ವ್ಯಕ್ತಿ ಇಲ್ಲ. ಅವನಿಗೆ ಹೇಗೆ 'ತೋರುತ್ತದೆ' ಎಂಬ ಚಿಂತೆ ಇದೆ, ಅವನಿಗೆ ಏನನ್ನು ತಿಳಿಸಬೇಕು ಎಂಬುದಿಲ್ಲ.

ವಾರಾಂತ್ಯದ ಗದ್ದಲ

ಅಮಾನತಿನ ಸುದ್ದಿ ಬಂದ ಸಂಜೆಯೇ ಓಲ್ಬರ್‌ಮನ್ ಜಾಗದಲ್ಲಿ ಕ್ರಿಸ್ ಹೇಯ್ಸ್ ಕೂರುತ್ತಾರೆಂದು ವಾಹಿನಿ ಹೇಳಿತು. ಸ್ವಲ್ಪ ಹೊತ್ತಿಗೆ ಅದೂ ಬದಲಾಯಿತು. ಹೇಯ್ಸ್ ಅವರೂ ಹಿಂದೆ ಇಬ್ಬರು ಸ್ನೇಹಿತರ ಪ್ರಚಾರಕ್ಕೆ ಹಣ ಕೊಟ್ಟಿದ್ದರು. ಅದು ವಾಹಿನಿಯೊಂದಿಗೆ ಒಪ್ಪಂದವಾಗುವ ಮೊದಲಿನದು, ತಾನು ಕೂರದಿರುವುದಕ್ಕೂ ಅದಕ್ಕೂ ಸಂಬಂಧವಿಲ್ಲ, ಈ ಸನ್ನಿವೇಶದಲ್ಲಿ ಕೂರಲು ಮನಸ್ಸಾಗಲಿಲ್ಲ ಎಂದು ಅವರು ವಿವರಣೆ ಕೊಟ್ಟರು. ಕೊನೆಗೆ ಥಾಮಸ್ ರಾಬರ್ಟ್ಸ್ ಬಂದು ಕುಳಿತರು.

ಪ್ರೋಗ್ರೆಸಿವ್ ಚೇಂಜ್ ಕ್ಯಾಂಪೇನ್ ಕಮಿಟಿ ಎಂಬ ಸಂಘಟನೆ ಆರಂಭಿಸಿದ ಮನವಿಗೆ ಎರಡು ಮೂರು ದಿನಗಳಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಸಹಿಗಳು ಬಿದ್ದವು. ಬಲಪಂಥದ ವೀಕ್ಲಿ ಸ್ಟ್ಯಾಂಡರ್ಡ್ ಪತ್ರಿಕೆಯ ಸಂಪಾದಕ ಬಿಲ್ ಕ್ರಿಸ್ಟಲ್ ಕೂಡ 'ಕೀತ್ ಅವರನ್ನು ಉಳಿಸಿಕೊಳ್ಳಿ' ಎಂದು ಬರೆದರು. ವರ್ಷಗಟ್ಟಲೆ ಓಲ್ಬರ್‌ಮನ್ ಅವರ ಬೈಗುಳ ತಿಂದ ಬಳಗದಿಂದ ಬಂದ ಈ ಬೆಂಬಲವನ್ನು ಉದಾರತೆ ಎನ್ನಿ, ಚೇಷ್ಟೆ ಎನ್ನಿ.

ಶುಕ್ರವಾರ ರಾತ್ರಿ ವಾಹಿನಿಯ ಒಳಗಿನಿಂದ ಬಂದ ಸಮರ್ಥನೆ ರೇಚಲ್ ಮ್ಯಾಡೊ ಅವರದು, ಅದನ್ನು ಅಲಕ್ಷಿಸುವಂತಿಲ್ಲ. ನಿಯಮವನ್ನು ಒಪ್ಪಿಕೊಂಡೇ ಅವರು ಮಾತನಾಡಿದರು. ಫಾಕ್ಸ್‌ನ ನಿರೂಪಕರು ಅಭ್ಯರ್ಥಿಗಳಿಗಾಗಿ ಹಣ ಎತ್ತುತ್ತಾರೆ, ಅಲ್ಲಿ ಅದನ್ನು ತಡೆಯುವ ನಿಯಮವಿಲ್ಲ, ಏಕೆಂದರೆ ಅದು ರಾಜಕೀಯ ಸಂಸ್ಥೆಯಂತೆ ನಡೆಯುತ್ತದೆ. ನಮ್ಮದು ಸುದ್ದಿಸಂಸ್ಥೆ, ಈ ಅಮಾನತೇ ಅದಕ್ಕೆ ಪುರಾವೆ ಎಂಬುದು ಅವರ ವಾದದ ತಿರುಳು. ಓಲ್ಬರ್‌ಮನ್ ಮರಳಿ ಬರಬೇಕೆಂದೂ ಸೇರಿಸಿದರು.

ವಾದದ ಮೊದಲ ಅರ್ಧಕ್ಕೆ ಬಲವಿತ್ತು. ಫಾಕ್ಸ್‌ನ ಮಾತೃಸಂಸ್ಥೆ ನ್ಯೂಸ್ ಕಾರ್ಪೊರೇಷನ್ ಆ ವರ್ಷ ರಿಪಬ್ಲಿಕನ್ ಗವರ್ನರ್‌ಗಳ ಸಂಘಕ್ಕೆ 10 ಲಕ್ಷ ಡಾಲರ್, ರಿಪಬ್ಲಿಕನ್ನರ ಪರ ಪ್ರಚಾರಕ್ಕೆ ಹಣ ಸುರಿಯುತ್ತಿದ್ದ ಅಮೆರಿಕ ವಾಣಿಜ್ಯ ಮಂಡಳಿಗೆ ಮತ್ತೆ 10 ಲಕ್ಷ ಡಾಲರ್ ಕೊಟ್ಟಿತ್ತು. ಸೇರಾ ಪೇಲಿನ್, ಮೈಕ್ ಹಕಬಿ, ನ್ಯೂಟ್ ಗಿಂಗ್ರಿಚ್, ರಿಕ್ ಸ್ಯಾಂಟೋರಮ್ ಎಂಬ ನಾಲ್ವರು ಸಂಭಾವ್ಯ ಅಧ್ಯಕ್ಷೀಯ ಅಭ್ಯರ್ಥಿಗಳು ಆಗ ಫಾಕ್ಸ್‌ನಿಂದ ಸಂಬಳ ಪಡೆಯುತ್ತಿದ್ದರು. ಇದರ ಮುಂದೆ ಒಬ್ಬ ನಿರೂಪಕನ 7,200 ಡಾಲರ್ ಎಲ್ಲಿಯ ಲೆಕ್ಕ? ಆದರೆ ಎರಡನೇ ಅರ್ಧ ನಿಲ್ಲುವುದಿಲ್ಲ. ಎನ್‌ಬಿಸಿಯಲ್ಲಿ ಆಗ ಶೇ 80ಕ್ಕೂ ಹೆಚ್ಚು ಪಾಲು ಜನರಲ್ ಎಲೆಕ್ಟ್ರಿಕ್ ಕಂಪನಿಯದು. ಆ ಕಂಪನಿಯ ರಾಜಕೀಯ ನಿಧಿ ಎರಡೂ ಪಕ್ಷಗಳ ಅಭ್ಯರ್ಥಿಗಳಿಗೆ ವರ್ಷವೂ ಹಣ ಹಂಚುತ್ತಿತ್ತು. ನಿರೂಪಕ ಕೇಳಿ ಕೊಡಬೇಕು, ಮಾಲೀಕ ಯಾರನ್ನೂ ಕೇಳಬೇಕಿಲ್ಲ.

ಭಾನುವಾರ ರಾತ್ರಿ ಗ್ರಿಫಿನ್ ಎರಡನೇ ಪ್ರಕಟಣೆ ಹೊರಡಿಸಿದರು: ಹಲವು ದಿನಗಳ ಚರ್ಚೆಯ ನಂತರ, ಸೋಮವಾರದವರೆಗಿನ ಅಮಾನತು ಸೂಕ್ತ ಶಿಕ್ಷೆ ಎಂದು ನಿರ್ಧರಿಸಿದ್ದೇನೆ. ಶುಕ್ರವಾರದಿಂದ ಭಾನುವಾರಕ್ಕೆ ಹಲವು ದಿನಗಳು ಹೇಗಾದವೋ ಅವರೇ ಬಲ್ಲರು.

ಮರಳಿದ ಓಲ್ಬರ್‌ಮನ್ ವೀಕ್ಷಕರ ಕ್ಷಮೆ ಕೇಳಿದರು. ಏತಕ್ಕಾಗಿ ಎಂಬುದನ್ನು ಗಮನಿಸಬೇಕು: ಅನಗತ್ಯ ನಾಟಕಕ್ಕೆ ನಿಮ್ಮನ್ನು ಗುರಿಪಡಿಸಿದ್ದಕ್ಕೆ, ಎಲ್ಲರಿಗೂ ಒಂದೇ ಸಮನಾಗಿ ಅನ್ವಯವಾಗದ ಆ ನಿಯಮ ತನಗೆ ತಿಳಿಯದೇ ಹೋದದ್ದಕ್ಕೆ. ಅಮಾನತಿನ ವಿಷಯ ತನಗೆ ಮಾಧ್ಯಮಗಳ ಮೂಲಕ ತಿಳಿಯಿತೆಂಬ ದೂರನ್ನೂ ಹೇಳಿಕೊಂಡರು. ಯಾರ ಗೆಲುವಿಗೆ ಹಣ ಕೊಟ್ಟಿದ್ದರೋ ಅವರ ಫಲಿತಾಂಶವನ್ನು ನಿಮಗೆ ಏನೂ ಹೇಳದೆ ಓದಿದೆ ಎಂಬ ಮಾತು ಆ ಕ್ಷಮಾಪಣೆಯ ತಿರುಳಾಗಿರಲಿಲ್ಲ.

ಬೆಳಗಿನ ಕಾರ್ಯಕ್ರಮದ ಜೋ

ಎಲ್ಲ ತಣ್ಣಗಾಯಿತು ಎನ್ನುವಾಗ, ನವೆಂಬರ್ 19ರಂದು ಅದೇ ವಾಹಿನಿ ಬೆಳಗಿನ ಕಾರ್ಯಕ್ರಮದ ಜೋ ಸ್ಕಾರ್ಬರೊ ಅವರನ್ನೂ ಎರಡು ದಿನ ಅಮಾನತು ಮಾಡಿತು. ಹಿಂದಿನ ವರ್ಷಗಳಲ್ಲಿ ಫ್ಲಾರಿಡಾದ ಸ್ಥಳೀಯ ಮತ್ತು ರಾಜ್ಯ ಮಟ್ಟದ ಅಭ್ಯರ್ಥಿಗಳಿಗೆ ತಲಾ 500 ಡಾಲರ್‌ನಂತೆ ಎಂಟು ಬಾರಿ ಅವರು ಕೊಟ್ಟದ್ದು ಹೊರಬಂದಿತ್ತು. ಪಡೆದವರು ಆಪ್ತ ಸ್ನೇಹಿತರು, ಮನೆಯವರು. ಸ್ಕಾರ್ಬರೊ ಸ್ವತಃ 1995ರಿಂದ 2001ರವರೆಗೆ ಫ್ಲಾರಿಡಾದ ರಿಪಬ್ಲಿಕನ್ ಸಂಸದರಾಗಿದ್ದವರು. ಮಾಜಿ ಸಂಸದನೊಬ್ಬ ತನ್ನ ಪಕ್ಷದ ಬಂಧುವಿಗೆ 500 ಡಾಲರ್ ಕೊಟ್ಟದ್ದರಿಂದ ಅವನ ಒಲವು ಬಯಲಾಯಿತೆಂದು ನಂಬುವವರು ಅವನ ಹೆಸರಿನ ಮುಂದಿನ 'ಮಾಜಿ ಸಂಸದ' ಎಂಬುದನ್ನು ಓದಿರಲಾರರು.

ಈ ಎರಡನೇ ಅಮಾನತು ಎಡಕ್ಕೊಂದು ಬಲಕ್ಕೊಂದು ಪೆಟ್ಟು ಕೊಟ್ಟ ಸಮತೋಲನದಂತೆ ಕಂಡರೂ, ಅದು ವಾಹಿನಿಯ ಹಳೆಯ ಮಾತನ್ನು ಅಲುಗಾಡಿಸಿತು. 2006ರಲ್ಲಿ ಇದೇ ಸ್ಕಾರ್ಬರೊ ಆರಿಗನ್‌ನ ರಿಪಬ್ಲಿಕನ್ ಅಭ್ಯರ್ಥಿಯೊಬ್ಬರಿಗೆ 4,200 ಡಾಲರ್ ಕೊಟ್ಟದ್ದು ಮರುವರ್ಷ ಸುದ್ದಿಯಾದಾಗ, ಅವರು ನಡೆಸುವುದು ಅಭಿಪ್ರಾಯದ ಕಾರ್ಯಕ್ರಮ, ಅವರು ವರದಿಗಾರರಲ್ಲ ಎಂದು ವಾಹಿನಿ ಸಮಜಾಯಿಷಿ ಕೊಟ್ಟಿತ್ತು. ಅದೇ ಮಾತು 2010ರಲ್ಲಿ ಓಲ್ಬರ್‌ಮನ್ ಅವರಿಗೂ ಸಲ್ಲಬೇಕಿತ್ತು. ಸಲ್ಲಲಿಲ್ಲ. ಇಬ್ಬರನ್ನೂ ಒಂದೇ ತಿಂಗಳಲ್ಲಿ ಎರಡೆರಡು ದಿನ ಕೂರಿಸಿದ ಮೇಲೆ ನಿಯಮ ಸಮಾನವಾಯಿತು ನಿಜ; ಅಭಿಪ್ರಾಯ ಹೇಳುವವನಿಗೆ ನಿಷ್ಪಕ್ಷಪಾತಿಯ ನಿಯಮ ಏಕೆ ಎಂಬುದಕ್ಕೆ ಉತ್ತರ ಬರಲಿಲ್ಲ.

ದಾಖಲೆ ಇರುವ ಕಡೆ ಮಾತ್ರ ಕಣ್ಣು

ಇಷ್ಟೆಲ್ಲ ಹೊರಬಂದದ್ದು ಹೇಗೆ? ಯಾರೂ ಕದ್ದು ನೋಡಬೇಕಾಗಲಿಲ್ಲ. 1971ರ ಫೆಡರಲ್ ಚುನಾವಣಾ ಪ್ರಚಾರ ಕಾಯ್ದೆ ಮತ್ತು 1974ರ ತಿದ್ದುಪಡಿಯ ನಂತರ ಅಮೆರಿಕದಲ್ಲಿ ಅಭ್ಯರ್ಥಿಯೊಬ್ಬರಿಗೆ 200 ಡಾಲರ್ ಮೀರಿ ಕೊಟ್ಟವರ ಹೆಸರು, ವಿಳಾಸ, ಉದ್ಯೋಗ, ಉದ್ಯೋಗದಾತರ ಹೆಸರು ಎಲ್ಲವೂ ಫೆಡರಲ್ ಚುನಾವಣಾ ಆಯೋಗದ ಸಾರ್ವಜನಿಕ ದಾಖಲೆ ಸೇರುತ್ತವೆ. ಉದ್ಯೋಗದಾತರ ಕಾಲಮ್ಮಿನಲ್ಲಿ ವಾಹಿನಿಯ ಹೆಸರನ್ನು ಹುಡುಕಿದರೆ ಸಾಕು.

ನಮ್ಮಲ್ಲಿ ಇಂಥ ವರದಿಯನ್ನು ಬರೆಯುವುದೇ ಕಷ್ಟ. ಜನಪ್ರತಿನಿಧಿ ಕಾಯ್ದೆಯ 29ಸಿ ಕಲಮಿನ ಪ್ರಕಾರ 20,000 ರೂಪಾಯಿ ಮೀರಿದ ದೇಣಿಗೆಗಳ ಪಟ್ಟಿಯನ್ನು ಪಕ್ಷಗಳು ಚುನಾವಣಾ ಆಯೋಗಕ್ಕೆ ನಮೂನೆ 24ಎಯಲ್ಲಿ ಕೊಡುತ್ತವೆ. ಅದರಲ್ಲಿ ಹೆಸರು, ವಿಳಾಸ, ಪ್ಯಾನ್, ಮೊತ್ತ ಇರುತ್ತವೆ. ಕೊಟ್ಟವನು ಎಲ್ಲಿ ಕೆಲಸ ಮಾಡುತ್ತಾನೆಂಬ ಕಾಲಮ್ಮು ಇಲ್ಲ. ಅಲ್ಲದೆ ಇಲ್ಲಿ ಹಣ ಹರಿಯುವ ದಿಕ್ಕೇ ಬೇರೆ. ಓಲ್ಬರ್‌ಮನ್ ಗಲಾಟೆ ನಡೆದ ಅದೇ 2010ರಲ್ಲಿ ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ, ಅಭ್ಯರ್ಥಿಗಳಿಂದ ಹಣ ಪಡೆದು ಪ್ರಚಾರವನ್ನೇ ಸುದ್ದಿಯೆಂದು ಅಚ್ಚು ಮಾಡುವ 'ಕಾಸಿಗಾಗಿ ಸುದ್ದಿ'ಯ ಬಗ್ಗೆ ವರದಿ ಸಿದ್ಧಪಡಿಸಿತ್ತು. ಅದರ ಪೂರ್ಣಪಾಠ ಜನರಿಗೆ ಸಿಗಲು ಮರುವರ್ಷ ಕೇಂದ್ರ ಮಾಹಿತಿ ಆಯೋಗವೇ ಆದೇಶಿಸಬೇಕಾಯಿತು.

ಅಮೆರಿಕಕ್ಕೆ ಮರಳೋಣ. ಅಲ್ಲಿ ದಾಖಲೆ ಮುಕ್ತವಾಗಿರುವುದರಿಂದ ಎಣಿಕೆಗಳೂ ನಡೆದಿವೆ. ಮೊದಲ ದೊಡ್ಡ ಎಣಿಕೆ ಮಾಡಿದ್ದು ಎಂಎಸ್‌ಎನ್‌ಬಿಸಿ ವಾಹಿನಿಯ ಸೋದರ ಜಾಲತಾಣದ ತನಿಖಾ ವರದಿಗಾರ ಬಿಲ್ ಡೆಡ್‌ಮನ್, 2007ರ ಜೂನ್‌ನಲ್ಲಿ. 2004ರಿಂದ ಆಚೆಗೆ ದೇಣಿಗೆ ಕೊಟ್ಟ 143 ಪತ್ರಕರ್ತರನ್ನು ಅವರು ಗುರುತಿಸಿದರು. 125 ಮಂದಿ ಡೆಮಾಕ್ರಟರಿಗೆ ಅಥವಾ ಉದಾರವಾದಿ ಗುಂಪುಗಳಿಗೆ, 16 ಮಂದಿ ರಿಪಬ್ಲಿಕನ್ನರಿಗೆ, ಇಬ್ಬರು ಎರಡೂ ಕಡೆಗೆ ಕೊಟ್ಟಿದ್ದರು. ಸ್ಕಾರ್ಬರೊ ಅವರ 4,200 ಡಾಲರ್ ಬಯಲಾದದ್ದೂ ಈ ಪಟ್ಟಿಯಲ್ಲೇ. 2016ರಲ್ಲಿ ಸೆಂಟರ್ ಫಾರ್ ಪಬ್ಲಿಕ್ ಇಂಟೆಗ್ರಿಟಿ ಎಂಬ ತನಿಖಾ ಪತ್ರಿಕೋದ್ಯಮ ಸಂಸ್ಥೆ ಮತ್ತೆ ಎಣಿಸಿದಾಗ, ಪತ್ರಿಕೋದ್ಯಮದಲ್ಲಿರುವವರು ಇಬ್ಬರು ಅಧ್ಯಕ್ಷೀಯ ಅಭ್ಯರ್ಥಿಗಳಿಗೆ ಕೊಟ್ಟ ಸುಮಾರು 3,96,000 ಡಾಲರ್‌ಗಳಲ್ಲಿ ಶೇ 96ಕ್ಕೂ ಹೆಚ್ಚು ಹಿಲರಿ ಕ್ಲಿಂಟನ್ ಅವರಿಗೆ ಹೋಗಿತ್ತು.

ಈ ಅಂಕಿಗಳನ್ನು ನುಂಗಿಕೊಳ್ಳುವುದು ಪತ್ರಕರ್ತರಿಗೆ ಕಷ್ಟ, ಅಲ್ಲಗಳೆಯುವುದು ಇನ್ನೂ ಕಷ್ಟ. ಆದರೆ ಇವು ಎಷ್ಟನ್ನು ಹೇಳುತ್ತವೆ? ಇಡೀ ಅಮೆರಿಕದ ಸುದ್ದಿಮನೆಗಳಲ್ಲಿ ಹಣ ಕೊಟ್ಟವರು ಬೆರಳೆಣಿಕೆಯವರು. ಪಟ್ಟಿಯಲ್ಲಿ ರಾಜಕೀಯಕ್ಕೂ ತಮ್ಮ ಕೆಲಸಕ್ಕೂ ಸಂಬಂಧವಿಲ್ಲದ ವಿಮರ್ಶಕರು, ಕ್ರೀಡಾ ಬರಹಗಾರರೂ ಇದ್ದಾರೆ. ನಿಷೇಧವಿರುವ ಪತ್ರಿಕೆಯಲ್ಲಿ ಅದೇ ಒಲವಿನವರು ಇದ್ದರೂ ಪಟ್ಟಿಯಲ್ಲಿ ಕಾಣುವುದಿಲ್ಲ. ಯಾವ ಸುದ್ದಿ ಮುಖಪುಟಕ್ಕೆ ಹೋಯಿತು, ಯಾರನ್ನು ಪ್ರಶ್ನಿಸದೆ ಬಿಟ್ಟರು, ಶೀರ್ಷಿಕೆಯಲ್ಲಿ ಯಾವ ಕ್ರಿಯಾಪದ ಬಂತು ಎಂಬುದನ್ನು ದೇಣಿಗೆಯ ಪಟ್ಟಿ ಹೇಳಲಾರದು. ಅವನ್ನು ಅಳೆಯುವುದು ಕಷ್ಟ, ಡಾಲರ್ ಎಣಿಸುವುದು ಸುಲಭ. ದೀಪದ ಕಂಬದ ಕೆಳಗೆ ಬೆಳಕಿದೆಯೆಂದು ಕಳೆದ ಕೀಲಿಯನ್ನು ಅಲ್ಲಿಯೇ ಹುಡುಕಿದಂತೆ, ಪಕ್ಷಪಾತದ ಚರ್ಚೆ ದೇಣಿಗೆಯ ದಾಖಲೆಯ ಸುತ್ತಲೇ ಸುತ್ತುತ್ತದೆ.

ನೋಡುವ ಕಣ್ಣಿನದೂ ಒಂದು ಪಾಲಿದೆ. 1985ರಲ್ಲಿ ವ್ಯಾಲೋನ್, ರಾಸ್, ಲೆಪರ್ ಎಂಬ ಮೂವರು ಮನೋವಿಜ್ಞಾನಿಗಳು ಪ್ರಕಟಿಸಿದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಪ್ರಯೋಗ ಇಲ್ಲಿ ನೆನಪಾಗುತ್ತದೆ. 1982ರ ಬೈರೂತ್ ಹತ್ಯಾಕಾಂಡದ ಬಗೆಗಿನ ಒಂದೇ ಟಿವಿ ವರದಿಗಳನ್ನು ಇಸ್ರೇಲ್ ಪರ ಮತ್ತು ಅರಬ್ ಪರ ವಿದ್ಯಾರ್ಥಿಗಳಿಗೆ ತೋರಿಸಿದರು. ವರದಿ ನಮ್ಮ ವಿರುದ್ಧವಾಗಿದೆ ಎಂದು ಎರಡೂ ಗುಂಪುಗಳು ಹೇಳಿದವು. ವಿಷಯವನ್ನು ಹೆಚ್ಚು ತಿಳಿದವರಿಗೆ ಪಕ್ಷಪಾತವೂ ಹೆಚ್ಚು ಕಂಡಿತು. ಹೀಗಿರುವಾಗ ಗ್ಯಾಲಪ್ ಸಮೀಕ್ಷೆಯಲ್ಲಿ 2010ರ ಸೆಪ್ಟೆಂಬರ್‌ನಲ್ಲಿ ಶೇ 57 ಮಂದಿ ಮಾಧ್ಯಮಗಳ ಮೇಲೆ ತಮಗೆ ನಂಬಿಕೆ ಇಲ್ಲ ಅಥವಾ ಅಷ್ಟಾಗಿ ಇಲ್ಲ ಎಂದದ್ದಕ್ಕೆ ದೇಣಿಗೆಯೇ ಕಾರಣವೆನ್ನಲಾಗದು. ಆದರೆ ಶೇ 48 ಮಂದಿ ಮಾಧ್ಯಮ ಅತಿ ಉದಾರವಾದಿ ಎಂದೂ ಶೇ 15 ಮಂದಿ ಮಾತ್ರ ಅತಿ ಸಂಪ್ರದಾಯವಾದಿ ಎಂದೂ ಹೇಳಿದ್ದ ಆ ಹೊತ್ತಿನಲ್ಲಿ, 7,200 ಡಾಲರ್‌ನ ಸುದ್ದಿ ಮೊದಲ ಗುಂಪಿಗೆ ಹೊಸದೇನನ್ನೂ ಕಲಿಸಲಿಲ್ಲ. ಹಿಡಿದು ತೋರಿಸಲು ಕೈಗೊಂದು ರಸೀದಿ ಕೊಟ್ಟಿತು.

ಸಮೀಕ್ಷೆ ಮಾಡುವವರ ವಿಷಯ ಬೇರೆ

ಇದೇ ಅನುಮಾನ ಚುನಾವಣಾ ಸಮೀಕ್ಷಕರ ಮೇಲೂ ಬೀಳುತ್ತದೆ, ಅವರು ಯಾರಿಗೆ ಹಣ ಕೊಟ್ಟರು, ಯಾರಿಂದ ಪಡೆದರು ಎಂದು. ಆದರೆ ಅವರಿಗೆ ಪತ್ರಕರ್ತರಿಗಿಲ್ಲದ ಒಂದು ಅಗ್ನಿಪರೀಕ್ಷೆ ಇದೆ: ಮತ ಎಣಿಕೆ. 2010ರ ಉದ್ದಕ್ಕೂ ರಾಸ್‌ಮುಸೆನ್ ರಿಪೋರ್ಟ್ಸ್ ಸಂಸ್ಥೆಯ ಅಂಕಿಗಳು ರಿಪಬ್ಲಿಕನ್ನರ ಕಡೆ ವಾಲುತ್ತವೆ ಎಂಬ ದೂರಿತ್ತು. ಚುನಾವಣೆ ಮುಗಿದ ಮೇಲೆ ಸಮೀಕ್ಷೆಗಳ ವಿಶ್ಲೇಷಕ ನೇಟ್ ಸಿಲ್ವರ್ ಲೆಕ್ಕ ಹಾಕಿದರು: ಕೊನೆಯ ಮೂರು ವಾರಗಳ ಆ ಸಂಸ್ಥೆಯ ಸಮೀಕ್ಷೆಗಳು ಸರಾಸರಿ 3.9 ಅಂಶದಷ್ಟು ರಿಪಬ್ಲಿಕನ್ನರ ಪರ ತಪ್ಪಿದ್ದವು. ಹವಾಯಿ ಸೆನೆಟ್ ಸ್ಪರ್ಧೆಯಲ್ಲಿ ಡೇನಿಯಲ್ ಇನೊಯೆ 13 ಅಂಶಗಳಿಂದ ಮುಂದಿದ್ದಾರೆ ಎಂದಿತ್ತು ರಾಸ್‌ಮುಸೆನ್. ಅವರು ಗೆದ್ದದ್ದು 53 ಅಂಶಗಳಿಂದ. ಅತ್ತ ಡೆಮಾಕ್ರಟಿಕ್ ಗಿರಾಕಿಗಳಿಗಾಗಿ ಕೆಲಸ ಮಾಡುವ ಪಬ್ಲಿಕ್ ಪಾಲಿಸಿ ಪೋಲಿಂಗ್ ಕೂಡ ಅದೇ ತಕ್ಕಡಿಯಲ್ಲಿ ತೂಗಿಸಿಕೊಳ್ಳಬೇಕಾಯಿತು. ಸಮೀಕ್ಷಕನ ಒಲವು ಗೊತ್ತಿದ್ದರೆ ಅವನ ಅಂಕಿಯಿಂದ ಮೂರೋ ನಾಲ್ಕೋ ಕಳೆದು ಓದಬಹುದು. ನಿರೂಪಕನ ಮಾತಿನಿಂದ ಎಷ್ಟನ್ನು ಕಳೆಯಬೇಕು? ಅದಕ್ಕೆ ಎಣಿಕೆಯ ದಿನವೇ ಇಲ್ಲ. ಅದಕ್ಕಾಗಿಯೇ ಅವನು ಬಾಯಿಬಿಟ್ಟು ಹೇಳಬೇಕಾಗುತ್ತದೆ.

ಕೇಳದೆ ಉಳಿದದ್ದು

ಒಂದು ಊಹೆ ಮಾಡೋಣ. ಅಕ್ಟೋಬರ್ 28ರ ರಾತ್ರಿ ಓಲ್ಬರ್‌ಮನ್ ಮೇಲಧಿಕಾರಿಗೆ ಫೋನ್ ಮಾಡಿ, ಇಂಥ ಮೂವರಿಗೆ ಹಣ ಕೊಡುತ್ತೇನೆ ಎನ್ನುತ್ತಾರೆ. ಆಗಲಿ, ಕೊಡಿ ಎಂಬ ಉತ್ತರ ಬರುತ್ತದೆ. ನಿಯಮ ಪೂರ್ತಿ ಪಾಲನೆಯಾಯಿತು. ನವೆಂಬರ್ 2ರಂದು ಅದೇ ಮೇಜು, ಅದೇ ನಿರೂಪಕ, ಅದೇ ಮೂರು ಸ್ಪರ್ಧೆಗಳು, ಅದೇನೂ ತಿಳಿಯದ ವೀಕ್ಷಕ. ಅಮಾನತಿಲ್ಲ, ಮನವಿಗೆ ಸಹಿಯಿಲ್ಲ, ಸುದ್ದಿಯೂ ಇಲ್ಲ. ವಾಹಿನಿಯ ಮಟ್ಟಿಗೆ ಹಿತಾಸಕ್ತಿ ಸಂಘರ್ಷ ಮಾಯವಾಯಿತು. ವೀಕ್ಷಕನ ಮಟ್ಟಿಗೆ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಗ್ರಿಹಾಲ್ವಾ ಸಂದರ್ಶನದ ಬಗ್ಗೆ ಓಲ್ಬರ್‌ಮನ್ ಅವರಿಗೆ ನ್ಯಾಯ ಒದಗಿಸಲೇಬೇಕು. ಹಣ ಕೊಟ್ಟದ್ದು ರಾತ್ರಿಯ ಮಾತುಕತೆಯ ನಂತರ ಎಂಬ ಅವರ ಹೇಳಿಕೆಯನ್ನು ನಂಬಿದರೆ, ಸಂದರ್ಶನದ ಹೊತ್ತಿನಲ್ಲಿ ಹೇಳಲು ಏನೂ ಇದ್ದಿರಲಾರದು. ಮರುದಿನದಿಂದ ಇತ್ತು. ಕಾರ್ಯಕ್ರಮದಲ್ಲಿ ಹತ್ತು ಸೆಕೆಂಡಿನ ಒಂದು ವಾಕ್ಯ ಸಾಕಿತ್ತು, ಈ ಮೂವರಿಗೆ ನಾನು ಹಣ ಕೊಟ್ಟಿದ್ದೇನೆ ಎಂದು. ಅದನ್ನು ಕೇಳಿದವರಲ್ಲಿ ಬಹುಪಾಲು ಮಂದಿ ಅದರಲ್ಲೇನು ವಿಶೇಷ ಎಂದು ಚಹಾ ಕುಡಿಯುತ್ತಿದ್ದರು.

ಐದು ವರ್ಷಗಳ ನಂತರ ಎಬಿಸಿ ವಾಹಿನಿಯಲ್ಲಿ ಇದೇ ಪ್ರಶ್ನೆ ಹೆಚ್ಚು ನೇರವಾಗಿ ಎದ್ದಿತು. ನಿರೂಪಕ ಜಾರ್ಜ್ ಸ್ಟೆಫನೋಪೊಲಸ್ ಒಂದು ಕಾಲದಲ್ಲಿ ಅಧ್ಯಕ್ಷ ಬಿಲ್ ಕ್ಲಿಂಟನ್ ಅವರ ಆಪ್ತ ಸಿಬ್ಬಂದಿಯಾಗಿದ್ದವರು. 2015ರ ಏಪ್ರಿಲ್ 26ರಂದು ಅವರು, ಕ್ಲಿಂಟನ್ ಪ್ರತಿಷ್ಠಾನಕ್ಕೆ ಬಂದ ಹಣದ ಬಗ್ಗೆ ಆರೋಪಗಳ ಪುಸ್ತಕ ಬರೆದಿದ್ದ ಪೀಟರ್ ಶ್ವೈಟ್ಸರ್ ಅವರನ್ನು ಸಂದರ್ಶಿಸಿ ಗಟ್ಟಿ ಪ್ರಶ್ನೆಗಳನ್ನು ಹಾಕಿದರು. ಮೇ ತಿಂಗಳಲ್ಲಿ ತಿಳಿಯಿತು: 2012, 2013, 2014ರಲ್ಲಿ ತಲಾ 25,000ದಂತೆ ಒಟ್ಟು 75,000 ಡಾಲರ್‌ಗಳನ್ನು ಅದೇ ಪ್ರತಿಷ್ಠಾನಕ್ಕೆ ಅವರು ಕೊಟ್ಟಿದ್ದರು. ಆರಂಭದಲ್ಲಿ 50,000 ಎಂದು ಹೇಳಿ ಆಮೇಲೆ ತಿದ್ದಿಕೊಂಡರು. ದಾನಧರ್ಮವಾದ್ದರಿಂದ ಚುನಾವಣಾ ಆಯೋಗದ ದಾಖಲೆಯಲ್ಲಿ ಇದು ಇರಲಿಲ್ಲ. ಪ್ರತಿಷ್ಠಾನವೇ ಪ್ರಕಟಿಸುವ ದಾನಿಗಳ ಪಟ್ಟಿಯಲ್ಲಿತ್ತು.

ಮೊತ್ತ ಓಲ್ಬರ್‌ಮನ್ ಅವರದಕ್ಕಿಂತ ಹತ್ತು ಪಟ್ಟು. ಎದುರಿಗೆ ಕುಳಿತ ಅತಿಥಿಗೆ ಕೇಳಿದ ಪ್ರಶ್ನೆಗಳ ವಿಷಯವೇ ಆ ಪ್ರತಿಷ್ಠಾನದ ಹಣ. ಎಬಿಸಿ ಇದನ್ನು ಪ್ರಾಮಾಣಿಕ ತಪ್ಪು ಎಂದು ಕರೆಯಿತು; ಒಂದು ದಿನದ ಅಮಾನತೂ ಆಗಲಿಲ್ಲ. ಸ್ಟೆಫನೋಪೊಲಸ್ ಮಾತ್ರ, ತನ್ನ ಸಂಸ್ಥೆಗೂ ವೀಕ್ಷಕರಿಗೂ ಮೊದಲೇ ತಿಳಿಸಬೇಕಿತ್ತೆಂದು ಒಪ್ಪಿಕೊಂಡು, 2016ರ ಫೆಬ್ರುವರಿಯಲ್ಲಿ ಎಬಿಸಿ ನಡೆಸಬೇಕಿದ್ದ ರಿಪಬ್ಲಿಕನ್ ಅಭ್ಯರ್ಥಿಗಳ ಚರ್ಚೆಯ ನಿರ್ವಾಹಕ ಸ್ಥಾನದಿಂದ ತಾವಾಗಿ ಹಿಂದೆ ಸರಿದರು.

ಓಲ್ಬರ್‌ಮನ್ ಕಥೆ ಬೇಗ ಮುಗಿಯಿತು. 2011ರ ಜನವರಿ 8ರಂದು ಟೂಸಾನ್‌ನಲ್ಲಿ ಬಂದೂಕುಧಾರಿಯೊಬ್ಬ ಗಿಫರ್ಡ್ಸ್ ಅವರ ತಲೆಗೆ ಗುಂಡು ಹಾರಿಸಿದ, ಆರು ಮಂದಿ ಸತ್ತರು. ಆ ರಾತ್ರಿ ಓಲ್ಬರ್‌ಮನ್ ವಿಶೇಷ ಪ್ರಸಾರದಲ್ಲಿ ಮಾತನಾಡಿ, ರಾಜಕೀಯದಲ್ಲಿ ಹಿಂಸೆಯನ್ನು ಪ್ರಚೋದಿಸುವ ಮಾತು ತನ್ನಿಂದ ಎಂದಾದರೂ ಬಂದಿದ್ದರೆ ಅದಕ್ಕೆ ಕ್ಷಮೆ ಇರಲಿ ಎಂದರು. ಎರಡು ವಾರ ತುಂಬುವ ಮೊದಲೇ, ಜನವರಿ 21ರಂದು, ಇದೇ ಕೊನೆಯ ಕಾರ್ಯಕ್ರಮ ಎಂದು ವೀಕ್ಷಕರಿಗೆ ಹೇಳಿ ವಾಹಿನಿಯಿಂದ ಹೊರನಡೆದರು. ಎನ್‌ಬಿಸಿಯನ್ನು ಕಾಮ್‌ಕಾಸ್ಟ್ ಎಂಬ ಕೇಬಲ್ ಕಂಪನಿ ಕೊಳ್ಳಲು ಸರ್ಕಾರದ ಒಪ್ಪಿಗೆ ಸಿಕ್ಕಿ ಮೂರು ದಿನಗಳಾಗಿದ್ದವು; ಎರಡಕ್ಕೂ ಸಂಬಂಧವಿಲ್ಲ ಎಂದಿತು ವಾಹಿನಿ. ಸ್ಕಾರ್ಬರೊ ಬೆಳಗಿನ ಕಾರ್ಯಕ್ರಮದಲ್ಲಿ ಮುಂದುವರಿದರು. 2017ರಲ್ಲಿ ರಿಪಬ್ಲಿಕನ್ ಪಕ್ಷವನ್ನು ಬಿಡುತ್ತಿದ್ದೇನೆ ಎಂದು ಅವರು ಟಿವಿಯಲ್ಲೇ ಘೋಷಿಸಿದರು. ಅದಕ್ಕೆ ಯಾರ ಪೂರ್ವಾನುಮತಿಯೂ ಬೇಕಿರಲಿಲ್ಲ.